ಸರ್ವರ್ ಡ್ರೈನಿಂಗ್

ಒಂದೇ ವೆಬ್ ಸೇವೆಯನ್ನು ಹಲವು ಸರ್ವರ್‌ಗಳು ಸೇರಿ ನಡೆಸುತ್ತಿರುವಾಗ, ಅವುಗಳಲ್ಲಿ ಒಂದನ್ನು ದುರಸ್ತಿಗೋ ಪ್ಯಾಚ್ ಹಾಕುವುದಕ್ಕೋ ಹೊಸ ಆವೃತ್ತಿಯ ಅಳವಡಿಕೆಗೋ ಬಳಕೆದಾರರಿಗೆ ಗೊತ್ತಾಗದಂತೆ ಹೊರಗೆ ತೆಗೆಯುವ ವಿಧಾನವನ್ನು ಡ್ರೈನಿಂಗ್ ಎನ್ನುತ್ತಾರೆ. ಈ ಸರ್ವರ್‌ಗಳ ಮುಂದೆ ಲೋಡ್ ಬ್ಯಾಲೆನ್ಸರ್ ಇರುತ್ತದೆ. ಬರುವ ಕೋರಿಕೆಗಳನ್ನು ಹಂಚುವುದು ಅದರ ಕೆಲಸ. ತೆಗೆಯಬೇಕಾದ ಸರ್ವರ್‌ಗೆ ಅದು ಹೊಸ ಕೋರಿಕೆ ಕಳಿಸುವುದನ್ನು ನಿಲ್ಲಿಸುತ್ತದೆ, ಅಲ್ಲಿ ಆಗಲೇ ನಡೆಯುತ್ತಿರುವ ಕೆಲಸ ಮುಗಿಯಲು ಬಿಡುತ್ತದೆ, ಎಲ್ಲ ಮುಗಿದ ಮೇಲೆ ಸರ್ವರನ್ನು ನಿಲ್ಲಿಸಲಾಗುತ್ತದೆ. ಮತದಾನದ ಹೊತ್ತು ಮುಗಿದಾಗ ಮತಗಟ್ಟೆಯ ಗೇಟು ಹಾಕಿ, ಸಾಲಿನಲ್ಲಿ ಆಗಲೇ ನಿಂತವರಿಗೆ ಚೀಟಿ ಕೊಟ್ಟು, ಅವರಲ್ಲಿ ಕೊನೆಯವರು ಮತ ಹಾಕುವ ತನಕ ಕಾಯುತ್ತಾರಲ್ಲ, ಕ್ರಮ ಅದೇ.

ತೊಡಕಿರುವುದು ‘ಮುಗಿಯಿತು’ ಎಂದು ತೀರ್ಮಾನಿಸುವುದರಲ್ಲಿ. ನೆಟ್‌ವರ್ಕ್‌ನ ಲೆಕ್ಕದಲ್ಲಿ ಟಿಸಿಪಿ ಸಂಪರ್ಕ ಮುಚ್ಚಿದರೆ ಮುಗಿಯಿತು. ವೆಬ್ ಸರ್ವರ್‌ನ ಲೆಕ್ಕದಲ್ಲಿ ಉತ್ತರದ ಕೊನೆಯ ಬೈಟ್ ಹೊರಟರೆ ಮುಗಿಯಿತು. ಪರದೆಯ ಮುಂದೆ ಕೂತವರ ಪಾಲಿಗೆ ಟಿಕೆಟ್ ಕೈಗೆ ಬಂದ ಮೇಲಷ್ಟೇ ಮುಗಿಯುವುದು. ಈ ಮೂರು ಲೆಕ್ಕಗಳ ನಡುವಿನ ಅಂತರವನ್ನು ಗಮನಿಸದೆ ಸರ್ವರ್ ತೆಗೆದರೆ, ಕಂಟ್ರೋಲ್ ರೂಮಿನಲ್ಲಿ ಎಲ್ಲವೂ ಹಸಿರಾಗಿಯೇ ಕಂಡರೂ ಯಾರದೋ ಅರ್ಧ ತುಂಬಿದ ಅರ್ಜಿ ಅಳಿಸಿಹೋಗಿರುತ್ತದೆ. ಡ್ರೈನಿಂಗಿನ ತಂತ್ರಗಳೆಲ್ಲ ಈ ಅಂತರವನ್ನು ಮುಚ್ಚುವ ಪ್ರಯತ್ನಗಳೇ.

ಅಗತ್ಯ

ಸರ್ವರ್ ನಿಲ್ಲಿಸಬೇಕಾದ ಸಂದರ್ಭಗಳು ಹೇಳಿಕೇಳಿ ಬರುವುದಿಲ್ಲ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ‘ಹಾರ್ಟ್‌ಬ್ಲೀಡ್’ ದೋಷ ಬಯಲಾದಾಗ ಜಗತ್ತಿನ ಎಲ್ಲೆಡೆ ವೆಬ್ ಸರ್ವರ್‌ಗಳಲ್ಲಿ ಆ ಲೈಬ್ರರಿಯನ್ನು ಬದಲಿಸಬೇಕಾಯಿತು. ಫೈಲ್ ಬದಲಿಸಿದರಷ್ಟೇ ಸಾಲದು; ಹಳೆಯ ಲೈಬ್ರರಿಯನ್ನು ಮೆಮೊರಿಯಲ್ಲಿ ಇಟ್ಟುಕೊಂಡಿದ್ದ ಪ್ರತಿಯೊಂದು ಪ್ರೋಗ್ರಾಮನ್ನೂ ರೀಸ್ಟಾರ್ಟ್ ಮಾಡಬೇಕಿತ್ತು. 2018ರ ಜನವರಿಯಲ್ಲಿ ‘ಮೆಲ್ಟ್‌ಡೌನ್’ ಮತ್ತು ‘ಸ್ಪೆಕ್ಟರ್’ ಎಂಬ ಪ್ರೊಸೆಸರ್ ದೋಷಗಳು ಬಯಲಾದಾಗ ಕರ್ನೆಲ್ ಬದಲಿಸಿ ಇಡೀ ಯಂತ್ರವನ್ನೇ ರೀಬೂಟ್ ಮಾಡಬೇಕಾಯಿತು. 2021ರ ಡಿಸೆಂಬರ್‌ನ ಲಾಗ್‌4ಜೆ ದೋಷವಂತೂ ಜಾವಾದಲ್ಲಿ ಬರೆದ ಲೆಕ್ಕವಿಲ್ಲದಷ್ಟು ಸೇವೆಗಳನ್ನು ಒಮ್ಮೆಗೇ ತಟ್ಟಿತು. ಇಂಥವು ಭಾನುವಾರದ ರಾತ್ರಿಗೆ ಕಾಯುವ ಕೆಲಸಗಳಲ್ಲ. ಇವುಗಳ ಜೊತೆಗೆ ದಿನಕ್ಕೆ ಹಲವು ಸಲ ಹೊಸ ಆವೃತ್ತಿ ಬಿಡುಗಡೆ ಮಾಡುವ ಕಂಪನಿಗಳಿವೆ. ಅಲ್ಲಿ ಸರ್ವರ್ ತೆಗೆದು ಸೇರಿಸುವುದು ದಿನಚರಿಯ ಭಾಗ.

ಸೇವೆಯನ್ನೇ ಕೆಲಹೊತ್ತು ಮುಚ್ಚಿ ಕೆಲಸ ಮುಗಿಸುವುದು ಹಳೆಯ ರೂಢಿ. ಭಾರತದಲ್ಲಿ ಇದು ಇನ್ನೂ ಜೀವಂತವಾಗಿದೆ. ಐಆರ್‌ಸಿಟಿಸಿಯಲ್ಲಿ ರಾತ್ರಿ 11:45ರಿಂದ 12:20ರವರೆಗೆ ಟಿಕೆಟ್ ಕಾಯ್ದಿರಿಸಲಾಗದು ಎಂಬುದು ರೈಲು ಪ್ರಯಾಣಿಕರಿಗೆ ಅಭ್ಯಾಸವಾಗಿಹೋಗಿದೆ. ಆದಾಯ ತೆರಿಗೆ ಇಲಾಖೆ 2021ರ ಜೂನ್ 1ರಿಂದ 6ರವರೆಗೆ ಹಳೆಯ ಇ-ಫೈಲಿಂಗ್ ಪೋರ್ಟಲನ್ನು ಮುಚ್ಚಿ 7ರಂದು ಹೊಸದನ್ನು ತೆರೆಯಿತು. ಆದರೆ ಇಂಥ ಬಿಡುವಿನ ಜಾಗ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ರಿಸರ್ವ್ ಬ್ಯಾಂಕ್ ನೆಫ್ಟ್ ವ್ಯವಸ್ಥೆಯನ್ನು 2019ರ ಡಿಸೆಂಬರ್ 16ರಿಂದ, ಆರ್‌ಟಿಜಿಎಸ್ ಅನ್ನು 2020ರ ಡಿಸೆಂಬರ್ 14ರಿಂದ ದಿನದ 24 ಗಂಟೆಯೂ ತೆರೆದಿಟ್ಟಿತು. ಅಲ್ಲಿಂದಾಚೆಗೆ ಬ್ಯಾಂಕುಗಳ ತಂತ್ರಜ್ಞರಿಗೆ ಹಣ ವರ್ಗಾವಣೆ ನಿಂತಿರುವ ರಾತ್ರಿ ಎಂಬುದೇ ಇಲ್ಲ. ಅಮೆರಿಕದ ಕಂಪನಿಗಳ ಸರ್ವರ್ ನೋಡಿಕೊಳ್ಳುವ ಬೆಂಗಳೂರಿನ ತಂಡಗಳಿಗೆ ಬಹುಕಾಲ ಒಂದು ಅನುಕೂಲವಿತ್ತು: ನ್ಯೂಯಾರ್ಕ್‌ನಲ್ಲಿ ರಾತ್ರಿ 2 ಗಂಟೆಯಾದಾಗ ಇಲ್ಲಿ ಹಗಲು 11:30, ಅವರ ಚಳಿಗಾಲದಲ್ಲಾದರೆ 12:30. ಅದೇ ಸೇವೆಗೆ ಏಷ್ಯಾ ಮತ್ತು ಯುರೋಪಿನಲ್ಲೂ ಗ್ರಾಹಕರು ಸೇರಿದ ಮೇಲೆ ಆ ಅನುಕೂಲವೂ ಹೋಯಿತು.

ಹಿನ್ನೆಲೆ

ವೆಬ್‌ನ ಆರಂಭದಲ್ಲಿ ಕೆಲಸ ಹಂಚುತ್ತಿದ್ದುದು ಡಿಎನ್‌ಎಸ್, ಅಂದರೆ ವೆಬ್‌ಸೈಟಿನ ಹೆಸರಿಗೆ ಯಂತ್ರದ ವಿಳಾಸ ಹುಡುಕಿಕೊಡುವ ವ್ಯವಸ್ಥೆ. 1994ರ ಹೊತ್ತಿಗೆ, ಮೊಸಾಯಿಕ್ ಬ್ರೌಸರ್ ಹುಟ್ಟಿದ ಅಮೆರಿಕದ ಎನ್‌ಸಿಎಸ್‌ಎ ಸಂಸ್ಥೆ ತನ್ನ ವೆಬ್‌ಸೈಟಿನ ಒಂದೇ ಹೆಸರಿಗೆ ಹಲವು ಯಂತ್ರಗಳ ವಿಳಾಸಗಳನ್ನು ಸರದಿಯಂತೆ ಕೊಡುವ ಏರ್ಪಾಡು ಮಾಡಿಕೊಂಡಿತ್ತು. ಇದರಲ್ಲಿ ಸರ್ವರ್ ಸೇರಿಸುವುದು ಸುಲಭ, ತೆಗೆಯುವುದು ಕಷ್ಟ. ಪಟ್ಟಿಯಿಂದ ವಿಳಾಸ ಅಳಿಸಿದರೂ ಅದನ್ನು ಆಗಲೇ ನೆನಪಿಟ್ಟುಕೊಂಡ ಕಂಪ್ಯೂಟರ್‌ಗಳು ಅದೇ ಬಾಗಿಲು ತಟ್ಟುತ್ತಲೇ ಇರುತ್ತಿದ್ದವು.

1996ರಲ್ಲಿ ಸಿಸ್ಕೋದ ಲೋಕಲ್‌ಡೈರೆಕ್ಟರ್, ಅದರ ಮರುವರ್ಷ ಎಫ್‌5 ಕಂಪನಿಯ ಬಿಗ್-ಐಪಿ ಬಂದವು. ಸರ್ವರ್‌ಗಳ ಮುಂದೆ ಪ್ರತ್ಯೇಕ ಸಾಧನವೊಂದು ಕೂತದ್ದರಿಂದ ಯಾರನ್ನು ಎಲ್ಲಿಗೆ ಕಳಿಸಬೇಕೆಂಬ ತೀರ್ಮಾನ ಒಂದೇ ಕಡೆ ಬಂತು. ಡ್ರೈನಿಂಗ್ ಸಾಧ್ಯವಾದದ್ದು ಇದರಿಂದಲೇ. 1998ರಲ್ಲಿ ಚೀನಾದ ವೆನ್ಸಾಂಗ್ ಜಾಂಗ್ ಲಿನಕ್ಸ್ ವರ್ಚುವಲ್ ಸರ್ವರ್ ಯೋಜನೆ ಶುರುಮಾಡಿದರು. ಅದೇ ವರ್ಷ ಮೈಕ್ರೋಸಾಫ್ಟ್ ವೇಲೆನ್ಸ್ ರಿಸರ್ಚ್ ಎಂಬ ಕಂಪನಿಯನ್ನು ಕೊಂಡು ಅದರ ತಂತ್ರಜ್ಞಾನವನ್ನು ವಿಂಡೋಸ್‌ಗೆ ತಂದಿತು. ಅದರ ‘ಡ್ರೈನ್‌ಸ್ಟಾಪ್’ ಆಜ್ಞೆಯನ್ನು ವಿಂಡೋಸ್ ನಿರ್ವಾಹಕರು ಇಂದಿಗೂ ಬಲ್ಲರು. ಫ್ರಾನ್ಸಿನ ವಿಲ್ಲಿ ಟಾರೋ ಬರೆದ ಎಚ್‌ಎಪ್ರಾಕ್ಸಿ 2001ರಲ್ಲಿ, ರಷ್ಯಾದ ಇಗೋರ್ ಸಿಸೋಯೆವ್ ಬರೆದ ಎಂಜಿನ್‌ಎಕ್ಸ್ 2004ರಲ್ಲಿ ಹೊರಬಂದವು. ಎರಡೂ ಮುಕ್ತ ತಂತ್ರಾಂಶಗಳಾದ್ದರಿಂದ, ದುಬಾರಿ ಸಾಧನ ಕೊಳ್ಳಲಾಗದ ಸಣ್ಣ ಸಂಸ್ಥೆಗಳಿಗೂ ಈ ವಿದ್ಯೆ ದಕ್ಕಿತು. ಅಮೆಜಾನ್ 2009ರಲ್ಲಿ ತನ್ನ ಕ್ಲೌಡ್‌ನಲ್ಲಿ ಲೋಡ್ ಬ್ಯಾಲೆನ್ಸರ್ ಕೊಟ್ಟರೂ ಅದಕ್ಕೆ ಡ್ರೈನಿಂಗ್ ಸೌಲಭ್ಯ ಸೇರಿದ್ದು 2014ರ ಮಾರ್ಚ್‌ನಲ್ಲಿ.

ಹೊಸ ಕೋರಿಕೆಗಳನ್ನು ತಡೆಯುವುದು

ಇದಕ್ಕೆ ಎರಡು ದಾರಿಗಳಿವೆ. ಒಂದು, ಲೋಡ್ ಬ್ಯಾಲೆನ್ಸರ್‌ಗೆ ನೇರವಾಗಿ ಹೇಳುವುದು. ಎಚ್‌ಎಪ್ರಾಕ್ಸಿಯಲ್ಲಿ ಸರ್ವರ್‌ಗೆ ರೆಡಿ (ಸಿದ್ಧ), ಡ್ರೈನ್, ಮೇಂಟ್ (ದುರಸ್ತಿ) ಎಂಬ ಮೂರು ಸ್ಥಿತಿಗಳಿವೆ. ನಿರ್ವಾಹಕರು ಒಂದು ಸಾಲಿನ ಆಜ್ಞೆಯಿಂದ ‘ವೆಬ್‌2’ ಎಂಬ ಸರ್ವರನ್ನು ಡ್ರೈನ್‌ಗೆ ಹಾಕುತ್ತಾರೆ. ಅಂಕಿಅಂಶದ ಪುಟದಲ್ಲಿ ಆ ಸಾಲಿನ ಬಣ್ಣ ಬದಲಾಗುತ್ತದೆ. ಆಮೇಲೆ ನೋಡುತ್ತಿರಬೇಕಾದದ್ದು ಚಾಲ್ತಿ ಸೆಷನ್‌ಗಳ ಕಾಲಂ. ಮೊದಲು ಅದು ಬೇಗಬೇಗ ಇಳಿಯುತ್ತದೆ, ಸಣ್ಣ ಕೋರಿಕೆಗಳೆಲ್ಲ ಕ್ಷಣದಲ್ಲಿ ಮುಗಿಯುತ್ತವೆ. ನಂತರ ಇಳಿಕೆ ನಿಧಾನವಾಗಿ, ಕೊನೆಗೆ ಕೈಬೆರಳೆಣಿಕೆಯ ಕೆಲವು ಅಲುಗಾಡದೆ ನಿಲ್ಲುತ್ತವೆ. ದೊಡ್ಡ ಫೈಲ್ ಇಳಿಸಿಕೊಳ್ಳುತ್ತಿರುವವರು, ನಿಧಾನದ ಮೊಬೈಲ್ ಸಂಪರ್ಕದಲ್ಲಿರುವವರು ಅಲ್ಲಿರುತ್ತಾರೆ. ತಾಳ್ಮೆಗೆಟ್ಟ ನಿರ್ವಾಹಕ ಮೇಂಟ್ ಸ್ಥಿತಿಗೆ ಹಾಕಿಬಿಡುವುದು ಸಾಮಾನ್ಯವಾಗಿ ಈ ಘಟ್ಟದಲ್ಲೇ.

ಇನ್ನೊಂದು ದಾರಿ ಹೆಲ್ತ್ ಚೆಕ್‌ನದು. ಲೋಡ್ ಬ್ಯಾಲೆನ್ಸರ್ ಆಗಾಗ ಪ್ರತಿ ಸರ್ವರನ್ನೂ ಒಂದು ಪುಟ ಕೇಳಿ ಅದು ಬದುಕಿದೆಯೇ ಎಂದು ಪರೀಕ್ಷಿಸುತ್ತದೆ. ಆ ಪುಟದ ಹಿಂದಿರುವ ಪುಟ್ಟ ಫೈಲನ್ನು ಅಳಿಸಿದರೆ ಸರ್ವರ್ ತಾನಾಗಿಯೇ ಸರದಿಯಿಂದ ಹೊರಬೀಳುತ್ತದೆ. ಲೋಡ್ ಬ್ಯಾಲೆನ್ಸರ್ ಬೇರೆ ತಂಡದ ಕೈಯಲ್ಲಿದ್ದು ಅದನ್ನು ಮುಟ್ಟಲು ಅನುಮತಿ ಇಲ್ಲದ ಕಡೆ ಈ ಉಪಾಯ ಬಹಳ ಬಳಕೆಯಲ್ಲಿದೆ. ಆದರೆ ಇದು ತಕ್ಷಣ ನಾಟುವುದಿಲ್ಲ. ಎಚ್‌ಎಪ್ರಾಕ್ಸಿಯ ಮೂಲ ಹೊಂದಿಕೆಯಲ್ಲಿ ಪರೀಕ್ಷೆ ನಡೆಯುವುದು 2 ಸೆಕೆಂಡಿಗೊಮ್ಮೆ; ಸತತ 3 ಸಲ ತಪ್ಪಿದರೆ ಮಾತ್ರ ಸರ್ವರ್ ಬಿತ್ತೆಂದು ಲೆಕ್ಕ. ಅಂದರೆ ಫೈಲ್ ಅಳಿಸಿದ ಮೇಲೂ ಸುಮಾರು 6 ಸೆಕೆಂಡ್ ಹೊಸ ಕೋರಿಕೆಗಳು ಬರುತ್ತಲೇ ಇರುತ್ತವೆ, ಅವಕ್ಕೆ ಸರ್ವರ್ ಉತ್ತರ ಕೊಡುತ್ತಲೇ ಇರಬೇಕು. ಇದಲ್ಲದೆ, ‘ಬಿತ್ತು’ ಎಂದು ಗುರುತಾದ ಸರ್ವರ್‌ನಿಂದ ಲೋಡ್ ಬ್ಯಾಲೆನ್ಸರ್ ಹಳೆಯ ಬಳಕೆದಾರರನ್ನೂ ಬೇರೆಡೆಗೆ ಅಟ್ಟುತ್ತದೆ. ಈ ತೊಂದರೆಗಾಗಿಯೇ ಎಚ್‌ಎಪ್ರಾಕ್ಸಿಯಲ್ಲಿ ಒಂದು ವಿಶೇಷ ಆಯ್ಕೆಯಿದೆ: ಹೆಲ್ತ್ ಚೆಕ್‌ಗೆ 404 ಉತ್ತರ ಬಂದರೆ ಸರ್ವರ್ ಸತ್ತಿಲ್ಲ, ಹೊಸಬರನ್ನು ಮಾತ್ರ ಒಲ್ಲೆ ಎನ್ನುತ್ತಿದೆ ಎಂದು ಅರ್ಥಮಾಡಿಕೊಳ್ಳುತ್ತದೆ.

ಸಂಪರ್ಕ, ಕೋರಿಕೆ, ಸೆಷನ್

ಎಚ್‌ಟಿಟಿಪಿ 1.1ರಿಂದೀಚೆಗೆ ಬ್ರೌಸರ್ ಒಂದೇ ಸಂಪರ್ಕವನ್ನು ತೆರೆದಿಟ್ಟುಕೊಂಡು ಒಂದರ ಹಿಂದೊಂದು ಕೋರಿಕೆ ಕಳಿಸುತ್ತದೆ. ಲೋಡ್ ಬ್ಯಾಲೆನ್ಸರ್ ಎಚ್‌ಟಿಟಿಪಿಯನ್ನು ಓದಿ ಹಂಚುವಂಥದ್ದಾದರೆ ತೊಂದರೆಯಿಲ್ಲ. ಸಂಪರ್ಕ ಅದರ ಬಳಿಯೇ ಇರುತ್ತದೆ, ಮುಂದಿನ ಕೋರಿಕೆಯನ್ನು ಅದು ಬೇರೆ ಸರ್ವರ್‌ಗೆ ಕಳಿಸಬಲ್ಲದು. ಟಿಸಿಪಿ ಮಟ್ಟದಲ್ಲಷ್ಟೇ ಹಂಚುವಂಥದ್ದಾದರೆ ಕಥೆ ಬೇರೆ. ಹಳೆಯ ಸಂಪರ್ಕ ಹಳೆಯ ಸರ್ವರ್‌ಗೇ ಅಂಟಿಕೊಂಡಿರುತ್ತದೆ, ಅದರ ಮೂಲಕ ಹೊಸ ಕೋರಿಕೆಗಳು ಬರುತ್ತಲೇ ಇರುತ್ತವೆ. ಆಗ ಸರ್ವರ್ ತಾನೇ ಪ್ರತಿ ಉತ್ತರದ ಜೊತೆಗೂ ‘ಇದಾದ ಮೇಲೆ ಸಂಪರ್ಕ ಮುಚ್ಚು’ ಎಂಬ ಹೆಡರ್ ಕಳಿಸಬೇಕಾಗುತ್ತದೆ. ಹೇಳದೆ ಮುಚ್ಚುವುದು ಅಪಾಯ: ಸರ್ವರ್ ಈ ಕಡೆಯಿಂದ ಮುಚ್ಚುವ ಹೊತ್ತಿಗೇ ಆ ಕಡೆಯಿಂದ ಬ್ರೌಸರ್ ಹೊಸ ಕೋರಿಕೆ ಕಳಿಸಿದ್ದರೆ ಅದು ದಾರಿಯಲ್ಲೇ ಕಳೆದುಹೋಗುತ್ತದೆ. ಕಳೆದುಹೋದದ್ದು ಬರೀ ಪುಟ ಓದುವ ಕೋರಿಕೆಯಾಗಿದ್ದರೆ ಇನ್ನೊಮ್ಮೆ ಕಳಿಸಬಹುದು. ಹಣ ಪಾವತಿಯ ಕೋರಿಕೆಯಾಗಿದ್ದರೆ ಎರಡನೆಯ ಸಲ ಕಳಿಸಲು ಯಾರಿಗೂ ಧೈರ್ಯವಿಲ್ಲ, ಮೊದಲನೆಯದು ತಲುಪಿತೋ ಇಲ್ಲವೋ ಗೊತ್ತಿಲ್ಲದ ಕಾರಣ. ಎಂಜಿನ್‌ಎಕ್ಸ್ 1.9.13ನೇ ಆವೃತ್ತಿಯಿಂದ ಇಂಥ ಕೋರಿಕೆಗಳನ್ನು ಒಮ್ಮೆ ಸರ್ವರ್‌ಗೆ ಕಳಿಸಿದ ಮೇಲೆ ತಾನಾಗಿ ಮತ್ತೊಂದು ಸರ್ವರ್‌ಗೆ ಕಳಿಸುವುದನ್ನು ಬಿಟ್ಟಿತು. ಸರಿಯಾದ ತೀರ್ಮಾನ.

2015ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 7540 ಆಗಿ ಪ್ರಕಟವಾದ ಎಚ್‌ಟಿಟಿಪಿ 2 ಈ ಗೊಂದಲಕ್ಕೆ ಅಚ್ಚುಕಟ್ಟಾದ ಪರಿಹಾರ ಕೊಟ್ಟಿತು. ಅದರಲ್ಲಿ ‘ಗೋಅವೇ’ ಎಂಬ ಸಂದೇಶವಿದೆ. ಸರ್ವರ್ ಮೊದಲು ‘ನಿಲ್ಲಲಿದ್ದೇನೆ’ ಎಂದು ಸೂಚನೆ ಕಳಿಸುತ್ತದೆ. ದಾರಿಯಲ್ಲಿರುವ ಕೋರಿಕೆಗಳು ಬಂದು ಮುಟ್ಟುವಷ್ಟು ಹೊತ್ತು ಬಿಟ್ಟು, ಯಾವ ಸಂಖ್ಯೆಯ ಕೋರಿಕೆಯವರೆಗೆ ತಾನು ಕೈಗೆತ್ತಿಕೊಂಡಿದ್ದೇನೆ ಎಂದು ಎರಡನೆಯ ಸಂದೇಶದಲ್ಲಿ ತಿಳಿಸುತ್ತದೆ. ಅದರಾಚೆಯವನ್ನು ಬ್ರೌಸರ್ ಹೆದರಿಕೆಯಿಲ್ಲದೆ ಬೇರೆ ಸಂಪರ್ಕದಲ್ಲಿ ಮತ್ತೆ ಕಳಿಸಬಹುದು.

ವೆಬ್‌ಸಾಕೆಟ್ ಸಂಪರ್ಕಗಳು ತಾವಾಗಿ ಮುಗಿಯುವುದೇ ಇಲ್ಲ. ಚಾಟ್, ಶೇರು ಬೆಲೆ, ಕ್ರಿಕೆಟ್ ಸ್ಕೋರಿನ ಪುಟಗಳಲ್ಲಿ ಅವು ಗಂಟೆಗಟ್ಟಲೆ ತೆರೆದಿರುತ್ತವೆ. ಎಷ್ಟು ಕಾದರೂ ಪ್ರಯೋಜನವಿಲ್ಲದ್ದರಿಂದ ಸರ್ವರ್ 1001 ಎಂಬ ಸಂಕೇತ ಕೊಟ್ಟು ತಾನೇ ಮುಚ್ಚಬೇಕು, ಬ್ರೌಸರಿನಲ್ಲಿರುವ ಪ್ರೋಗ್ರಾಮನ್ನು ಮರಳಿ ಸಂಪರ್ಕಿಸುವಂತೆ ಬರೆದಿರಬೇಕು. ಎಲ್ಲರನ್ನೂ ಒಂದೇ ಕ್ಷಣದಲ್ಲಿ ಕಡಿದರೆ ಎಲ್ಲರೂ ಒಂದೇ ಕ್ಷಣದಲ್ಲಿ ಉಳಿದ ಸರ್ವರ್‌ಗಳಿಗೆ ನುಗ್ಗುತ್ತಾರೆ. ಸ್ವಲ್ಪ ಸ್ವಲ್ಪವಾಗಿ, ಸಮಯ ಹಂಚಿ ಕಡಿಯಬೇಕು.

ಎಲ್ಲಕ್ಕಿಂತ ಕಗ್ಗಂಟಾದದ್ದು ಸೆಷನ್. ಲಾಗಿನ್ ಆದವರ ಗುರುತು, ಕಾರ್ಟಿಗೆ ಹಾಕಿದ ವಸ್ತುಗಳು, ನಾಲ್ಕು ಪುಟದ ಅರ್ಜಿಯಲ್ಲಿ ತುಂಬಿದ ಮೊದಲ ಮೂರು ಪುಟಗಳು ಒಂದೇ ಸರ್ವರ್‌ನ ಮೆಮೊರಿಯಲ್ಲಿದ್ದರೆ, ಆ ಬಳಕೆದಾರರನ್ನು ಕುಕಿಯ ಸಹಾಯದಿಂದ ಪ್ರತಿ ಸಲವೂ ಅದೇ ಸರ್ವರ್‌ಗೆ ಕಳಿಸಬೇಕು. ಆಗ ಡ್ರೈನಿಂಗ್‌ಗೆ ಎರಡು ಅರ್ಥ ಬರುತ್ತದೆ: ಹಳೆಯ ಸೆಷನ್‌ಗಳೆಲ್ಲ ಮುಗಿಯುವವರೆಗೆ ಕಾಯುವುದು, ಇಲ್ಲವೇ ತೆರೆದಿರುವ ಸಂಪರ್ಕಗಳು ಮುಗಿಯುವವರೆಗಷ್ಟೇ ಕಾಯುವುದು. ಎಫ್‌5 ಇವೆರಡನ್ನೂ ಬೇರೆ ಬೇರೆ ಸ್ಥಿತಿಗಳಾಗಿ ಇಟ್ಟಿದೆ: ‘ಡಿಸೇಬಲ್ಡ್’ ಆದ ಸರ್ವರ್‌ಗೆ ಹಳೆಯ ಸೆಷನ್‌ನವರ ಹೊಸ ಸಂಪರ್ಕಗಳೂ ಬರುತ್ತವೆ, ‘ಫೋರ್ಸ್ಡ್ ಆಫ್‌ಲೈನ್’ ಆದರೆ ಆಗಲೇ ತೆರೆದಿರುವ ಸಂಪರ್ಕಗಳಷ್ಟೇ ಉಳಿಯುತ್ತವೆ. ಅಪಾಚೆ ವೆಬ್ ಸರ್ವರ್‌ನ ಡ್ರೈನ್ ಸ್ಥಿತಿ ಮೊದಲನೆಯದರಂತೆ ಹಳೆಯ ಸೆಷನ್‌ನವರನ್ನು ಒಳಗೆ ಬಿಡುತ್ತದೆ. ಅಮೆಜಾನ್‌ನ ಲೋಡ್ ಬ್ಯಾಲೆನ್ಸರ್‌ನಲ್ಲಿ ತೆಗೆಯುತ್ತಿರುವ ಸರ್ವರ್‌ಗೆ ಹೊಸ ಕೋರಿಕೆಯೇ ಹೋಗುವುದಿಲ್ಲ; ಸೆಷನ್ ಅಲ್ಲೇ ಇದ್ದವರು ಮತ್ತೆ ಲಾಗಿನ್ ಆಗಬೇಕು. ಒಂದು ಉತ್ಪನ್ನದಲ್ಲಿ ಕಲಿತ ಅಭ್ಯಾಸವನ್ನು ಇನ್ನೊಂದಕ್ಕೆ ಹಾಗೆಯೇ ಒಯ್ಯುವವರು ಎಡವುವುದು ಇಲ್ಲಿ.

ಸೆಷನ್ ಮುಗಿಯಲೆಂದು ಕಾಯುವ ಪದ್ಧತಿಗೆ ಕೊನೆಯೇ ಇಲ್ಲ. ದಿನವಿಡೀ ಒಂದೇ ಪುಟ ತೆರೆದಿಟ್ಟ ಕಚೇರಿಯ ಗುಮಾಸ್ತರೊಬ್ಬರು ಸಾಕು, ಸರ್ವರ್ ಸಂಜೆಯವರೆಗೆ ಬರಿದಾಗದು. ಆದ್ದರಿಂದ ಸೆಷನ್ನನ್ನು ಸರ್ವರ್‌ನಿಂದ ಹೊರಗೆ, ಮೆಮ್‌ಕ್ಯಾಶ್‌ಡ್ ಅಥವಾ ರೆಡಿಸ್‌ನಂಥ ಹಂಚಿಕೆಯ ಜಾಗದಲ್ಲಿ ಇಡುವುದು ನಿಜವಾದ ಪರಿಹಾರ. ಇದು ಕಾರ್ಯಾಚರಣೆಯ ತಂಡದ ಕೈಯಲ್ಲಿಲ್ಲ, ಪ್ರೋಗ್ರಾಂ ಬರೆಯುವವರ ಕೈಯಲ್ಲಿದೆ. ಅವರು ಮೊದಲ ದಿನವೇ ಇದನ್ನು ಮಾಡಿಟ್ಟರೆ ಮುಂದೆ ವರ್ಷಗಟ್ಟಲೆ ರಾತ್ರಿಪಾಳಿಯವರ ನಿದ್ದೆ ಉಳಿಯುತ್ತದೆ.

ಪ್ರೋಗ್ರಾಂ ನಿಲ್ಲುವ ರೀತಿ

ಲೋಡ್ ಬ್ಯಾಲೆನ್ಸರ್ ಎಷ್ಟೇ ಜಾಣವಾಗಿದ್ದರೂ ಸರ್ವರ್‌ನೊಳಗಿನ ಪ್ರೋಗ್ರಾಂ ಥಟ್ಟನೆ ಸತ್ತರೆ ಪ್ರಯೋಜನವಿಲ್ಲ. ಯುನಿಕ್ಸ್ ಪರಂಪರೆಯಲ್ಲಿ ‘ಸಿಗ್‌ಟರ್ಮ್’ ಎಂಬ ಸಂಕೇತ ನಿಲ್ಲಲು ವಿನಂತಿ, ‘ಸಿಗ್‌ಕಿಲ್’ ಪ್ರಾಣ ತೆಗೆಯುವ ಆಜ್ಞೆ. ಒಳ್ಳೆಯ ಪ್ರೋಗ್ರಾಂ ಮೊದಲನೆಯದು ಬಂದಾಗ ಕೈಯಲ್ಲಿರುವ ಕೋರಿಕೆಗಳನ್ನು ಮುಗಿಸಿ ಹೊರಡುತ್ತದೆ. ಅದಕ್ಕೆಷ್ಟು ಸಮಯ ಎಂಬುದು ಒಂದೊಂದು ಕಡೆ ಒಂದೊಂದು: ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯಲ್ಲಿ ಸಾಮಾನ್ಯವಾಗಿ 90 ಸೆಕೆಂಡ್, ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟಿಸ್‌ನಲ್ಲಿ 30. ಅಮೆಜಾನ್‌ನ ಲೋಡ್ ಬ್ಯಾಲೆನ್ಸರ್ ಡ್ರೈನಿಂಗ್‌ಗೆ ಮೂಲತಃ 300 ಸೆಕೆಂಡ್ ಕೊಡುತ್ತದೆ, ಅದನ್ನು 3600ರವರೆಗೆ ಹೆಚ್ಚಿಸಬಹುದು. ಈ ಅಂಕಿಗಳನ್ನು ಒಂದಕ್ಕೊಂದು ಹೊಂದಿಸಬೇಕು. ಲೋಡ್ ಬ್ಯಾಲೆನ್ಸರ್ 300 ಸೆಕೆಂಡ್ ಕಾಯಲು ಸಿದ್ಧವಿದ್ದು, ಒಳಗಿನ ಪ್ರೋಗ್ರಾಮನ್ನು 30ಕ್ಕೇ ಕೊಂದರೆ ಉಳಿದ 270 ಸೆಕೆಂಡ್ ವ್ಯರ್ಥ.

ಕುಬರ್ನೆಟಿಸ್‌ನ ಒಂದು ನಡೆ ಹೊಸಬರನ್ನು ಖಂಡಿತ ಗೊಂದಲಕ್ಕೆ ಕೆಡವುತ್ತದೆ. ಒಂದು ಪಾಡ್ ಅನ್ನು (ಅಲ್ಲಿ ಪ್ರೋಗ್ರಾಂ ಓಡುವ ಘಟಕವನ್ನು) ತೆಗೆಯಲು ಹೇಳಿದಾಗ ಎರಡು ಕೆಲಸಗಳು ಏಕಕಾಲಕ್ಕೆ ಹೊರಡುತ್ತವೆ: ಆ ಪಾಡ್‌ಗೆ ಸಿಗ್‌ಟರ್ಮ್ ಹೋಗುತ್ತದೆ, ಕೋರಿಕೆ ಹಂಚುವ ಪಟ್ಟಿಯಿಂದ ಅದರ ವಿಳಾಸವೂ ಹೋಗುತ್ತದೆ. ಮೊದಲನೆಯದು ಬೇಗ ಮುಟ್ಟುತ್ತದೆ. ಎರಡನೆಯದು ಕ್ಲಸ್ಟರಿನ ಎಲ್ಲ ಯಂತ್ರಗಳಿಗೂ ಹರಡಲು ಸ್ವಲ್ಪ ಹೊತ್ತು ಬೇಕು. ಆ ಮಧ್ಯೆ ಪ್ರೋಗ್ರಾಂ ವಿಧೇಯವಾಗಿ ಬಾಗಿಲು ಮುಚ್ಚಿಬಿಟ್ಟಿದ್ದರೆ ಬರುವ ಕೋರಿಕೆಗಳಿಗೆ 502 ಎಂಬ ದೋಷಸಂಕೇತ ಸಿಗುತ್ತದೆ. ಪ್ರೋಗ್ರಾಂ ನಿಲ್ಲುವ ಮೊದಲು ಕೆಲವು ಸೆಕೆಂಡ್ ಸುಮ್ಮನೆ ಕಾಯುವಂತೆ ‘ಪ್ರೀಸ್ಟಾಪ್’ ಹುಕ್‌ನಲ್ಲಿ ಬರೆಯುವುದು ಇದಕ್ಕೆ ಎಲ್ಲರೂ ಮಾಡುವ ಪರಿಹಾರ. ನೋಡಲು ಒರಟು, ಆದರೆ ಕೆಲಸ ಮಾಡುತ್ತದೆ.

ಉಳಿದವುಗಳ ಮೇಲಿನ ಹೊರೆ

ಒಂದನ್ನು ತೆಗೆದಾಗ ಅದರ ಪಾಲು ಉಳಿದವಕ್ಕೆ ಹೋಗುತ್ತದೆ. ನಾಲ್ಕು ಸರ್ವರ್‌ಗಳು ತಲಾ ಶೇ. 60ರಷ್ಟು ದುಡಿಯುತ್ತಿದ್ದರೆ ಮೂರಾದಾಗ ಶೇ. 80. ಮೂರು ಸರ್ವರ್‌ಗಳು ತಲಾ ಶೇ. 70ರಲ್ಲಿದ್ದರೆ ಎರಡಾದಾಗ ಶೇ. 105, ಅಂದರೆ ಸೇವೆ ಕುಸಿಯುತ್ತದೆ. ಕೆಲಸದ ನಡುವೆ ಇನ್ನೊಂದು ಸರ್ವರ್ ತಾನಾಗಿ ಕೆಟ್ಟರೂ ತಾಳುವಷ್ಟು ಜಾಗ ಇರಬೇಕು. ಕುಬರ್ನೆಟಿಸ್‌ನಲ್ಲಿ ಕನಿಷ್ಠ ಇಷ್ಟು ಪಾಡ್‌ಗಳು ಉಳಿದಿರಲೇಬೇಕು ಎಂದು ಮೊದಲೇ ಬರೆದಿಡಬಹುದು; ಅದನ್ನು ಮೀರುವಂತಿದ್ದರೆ ಯಂತ್ರ ಖಾಲಿ ಮಾಡುವ ಆಜ್ಞೆ ಮುಂದುವರಿಯದೆ ಕಾಯುತ್ತದೆ.

ಸರ್ವರ್‌ಗಳನ್ನು ಒಂದೊಂದಾಗಿ ಬದಲಿಸುವಾಗ ಹಳೆಯ ಮತ್ತು ಹೊಸ ಆವೃತ್ತಿಗಳು ಕೆಲಹೊತ್ತು ಜೊತೆಯಲ್ಲಿ ಓಡುತ್ತವೆ. ಎರಡೂ ಒಂದೇ ಡೇಟಾಬೇಸ್ ಬಳಸುವುದರಿಂದ ಕಾಲಂ ಅಳಿಸುವಂಥ ಬದಲಾವಣೆಗಳನ್ನು ಹಳೆಯ ಆವೃತ್ತಿ ಪೂರ್ತಿ ಹೋದ ಮೇಲಷ್ಟೇ ಮಾಡಬೇಕು. ಎಲ್ಲ ಸರ್ವರ್‌ಗಳೂ ನಿಜಕ್ಕೂ ಬದಲಾದವೇ ಎಂದು ಪರಿಶೀಲಿಸದಿದ್ದರೆ ಏನಾಗಬಹುದು ಎಂಬುದಕ್ಕೆ ವೆಬ್‌ನ ಹೊರಗಿನದೊಂದು ಉದಾಹರಣೆಯಿದೆ. ಅಮೆರಿಕದ ಷೇರು ವ್ಯಾಪಾರ ಸಂಸ್ಥೆ ನೈಟ್ ಕ್ಯಾಪಿಟಲ್‌ನಲ್ಲಿ ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಪ್ರೋಗ್ರಾಂ ಹಾಕುವುದು ಬಿಟ್ಟುಹೋಗಿತ್ತು. 2012ರ ಆಗಸ್ಟ್ 1ರಂದು ಸುಮಾರು 45 ನಿಮಿಷಗಳಲ್ಲಿ ಅದು 46 ಕೋಟಿ ಡಾಲರ್‌ಗೂ ಮೀರಿದ ನಷ್ಟ ತಂದಿತು ಎಂದು ಅಲ್ಲಿನ ಷೇರುಪೇಟೆ ನಿಯಂತ್ರಕರ ಆದೇಶ ದಾಖಲಿಸಿದೆ.

ಮರಳಿ ಸೇರಿಸುವುದು

ಕೆಲಸ ಮುಗಿದ ಸರ್ವರನ್ನು ಒಮ್ಮೆಗೇ ಪೂರ್ತಿ ಹೊರೆಗೆ ಒಡ್ಡಬಾರದು. ಅದರ ಕ್ಯಾಶ್ ಖಾಲಿಯಿರುತ್ತದೆ, ಡೇಟಾಬೇಸ್ ಸಂಪರ್ಕಗಳು ಇನ್ನೂ ತೆರೆದಿರುವುದಿಲ್ಲ. ಜಾವಾ ಪ್ರೋಗ್ರಾಮಾದರೆ ಓಡುತ್ತ ಓಡುತ್ತ ವೇಗ ಪಡೆಯುವಂಥದ್ದು. ಹೀಗಾಗಿ ಎಚ್‌ಎಪ್ರಾಕ್ಸಿ ಮತ್ತು ಎಂಜಿನ್‌ಎಕ್ಸ್‌ನ ವಾಣಿಜ್ಯ ಆವೃತ್ತಿಗಳಲ್ಲಿ ಹೊರೆಯನ್ನು ಮೆಲ್ಲಮೆಲ್ಲನೆ ಏರಿಸುವ ‘ಸ್ಲೋ ಸ್ಟಾರ್ಟ್’ ಸೌಲಭ್ಯವಿದೆ. ಎಚ್‌ಎಪ್ರಾಕ್ಸಿಯ ಮುಕ್ತ ಆವೃತ್ತಿಯಲ್ಲೂ ಇದೆ. ಅಮೆಜಾನ್‌ನಲ್ಲಿ ಇದನ್ನು 30ರಿಂದ 900 ಸೆಕೆಂಡ್‌ವರೆಗೆ ಇಡಬಹುದು.

ಲೋಡ್ ಬ್ಯಾಲೆನ್ಸರನ್ನೇ ತೆಗೆಯುವಾಗ

ಹಂಚುವ ಯಂತ್ರಕ್ಕೂ ಪ್ಯಾಚ್ ಬೇಕು, ಅದರ ಹೊಂದಿಕೆಯೂ ಬದಲಾಗುತ್ತದೆ. ಎಚ್‌ಎಪ್ರಾಕ್ಸಿಯನ್ನು ರೀಲೋಡ್ ಮಾಡಿದಾಗ ಹಳೆಯ ಪ್ರಕ್ರಿಯೆ ಹೋಗಿ ಹೊಸದು ಬರುವ ಸಂದಿಯಲ್ಲಿ ಕೆಲವು ಹೊಸ ಸಂಪರ್ಕಗಳು ಬಿದ್ದುಹೋಗುತ್ತಿದ್ದವು. 2015ರಲ್ಲಿ ಯೆಲ್ಪ್ ಕಂಪನಿಯ ಎಂಜಿನಿಯರ್‌ಗಳು, ರೀಲೋಡ್ ನಡೆಯುವಷ್ಟು ಹೊತ್ತು ಹೊಸ ಸಂಪರ್ಕದ ಪ್ಯಾಕೆಟ್‌ಗಳನ್ನು ಲಿನಕ್ಸ್ ಕರ್ನೆಲ್‌ನಲ್ಲೇ ತಡೆದಿಟ್ಟು ಆಮೇಲೆ ಬಿಡುವ ಉಪಾಯವನ್ನು ಪ್ರಕಟಿಸಿದರು. 2017ರ ನವೆಂಬರ್‌ನಲ್ಲಿ ಬಂದ 1.8ನೇ ಆವೃತ್ತಿ ಇದನ್ನು ಬುಡದಲ್ಲೇ ಸರಿಪಡಿಸಿತು: ಹಳೆಯ ಪ್ರಕ್ರಿಯೆ ತಾನು ಕಿವಿಗೊಟ್ಟು ಕೂತಿದ್ದ ಸಾಕೆಟ್‌ಗಳನ್ನೇ ಹೊಸದರ ಕೈಗೆ ಒಪ್ಪಿಸುತ್ತದೆ, ನಡುವೆ ಬಾಗಿಲು ಮುಚ್ಚುವ ಕ್ಷಣವೇ ಇರುವುದಿಲ್ಲ.

ಗಿಟ್‌ಹಬ್ 2018ರಲ್ಲಿ ಮುಕ್ತಗೊಳಿಸಿದ ತನ್ನ ಲೋಡ್ ಬ್ಯಾಲೆನ್ಸರ್‌ನಲ್ಲಿ ಪ್ರತಿ ಸಂಪರ್ಕಕ್ಕೂ ಇಬ್ಬರು ವಾರಸುದಾರರನ್ನು ಗೊತ್ತುಮಾಡಿದೆ. ತೆಗೆಯಬೇಕಾದ ಯಂತ್ರ ಎರಡನೆಯ ಸ್ಥಾನಕ್ಕೆ ಸರಿಯುತ್ತದೆ. ಪ್ಯಾಕೆಟ್ ಮೊದಲು ಹೊಸ ಯಂತ್ರಕ್ಕೆ ಹೋಗಿ, ಅದು ಆ ಸಂಪರ್ಕವನ್ನು ಗುರುತಿಸದಿದ್ದರೆ ಹಳೆಯದಕ್ಕೆ ದಾಟಿಸುತ್ತದೆ. ಹೀಗೆ ಹಳೆಯ ಸಂಪರ್ಕಗಳು ಕಡಿಯದೆ ಮುಗಿಯುತ್ತವೆ.

ಫೇಸ್‌ಬುಕ್ 2020ರ ಸಿಗ್‌ಕಾಮ್ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧ ಈ ಕ್ಷೇತ್ರದಲ್ಲಿ ಓದಲೇಬೇಕಾದದ್ದು. ಸಾಕೆಟ್ ಹಸ್ತಾಂತರದ ಜೊತೆಗೆ ಅದರಲ್ಲಿ ಇನ್ನೊಂದು ದಿಟ್ಟ ಯೋಚನೆಯಿದೆ. ನಿಧಾನವಾಗಿ ವಿಡಿಯೊ ಅಥವಾ ಫೋಟೊ ಅಪ್‌ಲೋಡ್ ಆಗುತ್ತಿರುವಾಗ ಸರ್ವರ್ ನಿಲ್ಲಬೇಕಾಗಿ ಬಂದರೆ, ಅದುವರೆಗೆ ಬಂದಷ್ಟು ಭಾಗವನ್ನು 379 ಎಂಬ ತಮ್ಮದೇ ಸಂಕೇತದೊಡನೆ ತನ್ನ ಮುಂದಿರುವ ಪ್ರಾಕ್ಸಿಗೆ, ಅಂದರೆ ಕೋರಿಕೆ ಹಂಚುವ ಯಂತ್ರಕ್ಕೆ, ಹಿಂದಿರುಗಿಸುತ್ತದೆ. ಪ್ರಾಕ್ಸಿ ಅದನ್ನು ಇನ್ನೊಂದು ಸರ್ವರ್‌ಗೆ ಕೊಟ್ಟು ಉಳಿದದ್ದನ್ನು ಅಲ್ಲಿಗೇ ಹರಿಸುತ್ತದೆ. ಅಪ್‌ಲೋಡ್ ಮಾಡುತ್ತಿರುವವರ ಫೋನಿಗೆ ನಡುವೆ ಏನಾಯಿತೆಂಬುದೇ ತಿಳಿಯದು. ಟಿಸಿಪಿಯ ಬದಲು ಯುಡಿಪಿ ಬಳಸುವ ಕ್ವಿಕ್ ಪ್ರೊಟೊಕಾಲ್‌ನಲ್ಲಿ ಸಂಪರ್ಕದ ಗುರುತು ಕರ್ನೆಲ್‌ನಲ್ಲಿ ಇರುವುದಿಲ್ಲ. ಹೀಗಾಗಿ ಸಾಕೆಟ್ ಪಡೆದ ಹೊಸ ಪ್ರಕ್ರಿಯೆಗೆ ಹಳೆಯ ಸಂಪರ್ಕಗಳ ಪ್ಯಾಕೆಟ್‌ಗಳೂ ಬಂದು ಬೀಳುತ್ತವೆ. ಪ್ರತಿ ಪ್ಯಾಕೆಟ್‌ನಲ್ಲಿರುವ ಸಂಪರ್ಕ ಸಂಖ್ಯೆಯನ್ನು ನೋಡಿ, ತನ್ನದಲ್ಲದ್ದನ್ನು ಇನ್ನೂ ಬರಿದಾಗುತ್ತಿರುವ ಹಳೆಯ ಪ್ರಕ್ರಿಯೆಗೆ ಹೊಸದೇ ತಲುಪಿಸುವ ವ್ಯವಸ್ಥೆಯನ್ನು ಅದೇ ಪ್ರಬಂಧ ವಿವರಿಸುತ್ತದೆ.